ಶತ್ರುವಿನ ಮಗುವೂ ನಮ್ಮ ಮಗುವೇ

ಕ್ರಿಸ್ತಜಯಂತಿ ಕಳೆದು ಮೂರನೆಯ ದಿನ, ಡಿಸೆಂಬರ್ 28ರಂದು, ಧರ್ಮಸಭೆ ಮುಗ್ಧ ಶಿಶುಗಳ ಹಬ್ಬವನ್ನು ಆಚರಿಸುತ್ತದೆ. ಗೋದಲಿಯ ದೀಪಗಳು ಇನ್ನೂ ಉರಿಯುತ್ತಿರುತ್ತವೆ. ಮನೆಯಲ್ಲಿ ಹಬ್ಬದ ತಿಂಡಿಯ ಡಬ್ಬಿ ಇನ್ನೂ ಖಾಲಿಯಾಗಿರುವುದಿಲ್ಲ. ಅಷ್ಟರಲ್ಲೇ ಅಂದಿನ ಶುಭಸಂದೇಶ ನಮ್ಮನ್ನು ಬೆತ್ಲೆಹೇಮಿನ ಬೀದಿಗೆ ಕರೆದೊಯ್ಯುತ್ತದೆ. ಹೆರೋದನ ಆಜ್ಞೆಯಂತೆ ಎರಡು ವರ್ಷದೊಳಗಿನ ಗಂಡುಕೂಸುಗಳು ಅಲ್ಲಿ ಕತ್ತಿಗೆ ಬಲಿಯಾಗುತ್ತವೆ. ಯಾರು ಸಮಾಧಾನ ಹೇಳಿದರೂ ಒಲ್ಲದೆ ಅಳುವ ರಾಖೇಲಳನ್ನು ಸಂತ ಮತ್ತಾಯರು ಪ್ರವಾದಿ ಯೆರೆಮೀಯರ ಗ್ರಂಥದಿಂದ ನಮ್ಮ ನೆನಪಿಗೆ ತರುತ್ತಾರೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಬಾಲ ಯೇಸು ಬದುಕಿ ಉಳಿದದ್ದು ಹೆರೋದನ ಕೈಗೆಟುಕದ ಪರನಾಡಿನಲ್ಲಿ. ಹಿಂದೊಮ್ಮೆ ಇಸ್ರಯೇಲರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಈಜಿಪ್ಟ್ ದೇಶವೇ ಸಂತ ಜೋಸೆಫರಿಗೂ ಮಾತೆ ಮರಿಯಮ್ಮನವರಿಗೂ ಕಂಕುಳಲ್ಲಿದ್ದ ಕೂಸಿಗೂ ನೆರಳಾಯಿತು. ಸ್ವಂತ ನಾಡಿನ ಅರಸ ಕೊಲ್ಲಲು ಬಂದಾಗ ಹಳೆಯ ಶತ್ರುವಿನ ನೆಲ ಮಗುವನ್ನು ಕಾಯಿತು. ಈ ಹಬ್ಬದ ಹೆಸರಿನಲ್ಲೇ ನಡೆದ, ನಮ್ಮಲ್ಲಿ ಹೆಚ್ಚು ಮಂದಿ ಕೇಳಿರದ ಚರಿತ್ರೆಯೊಂದನ್ನು ಈ ಪುಟಗಳಲ್ಲಿ ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಯುದ್ಧ ಮುಗಿದರೂ ಮುಗಿಯದ ಹಸಿವು

1918ರ ನವೆಂಬರ್ 11ರಂದು ಮೊದಲನೆಯ ಮಹಾಯುದ್ಧದ ತೋಪುಗಳು ಮೌನವಾದವು. ಆದರೆ ಗೆದ್ದ ರಾಷ್ಟ್ರಗಳು ಸೋತವರ ಮೇಲೆ ಹೇರಿದ್ದ ಸಮುದ್ರ ದಿಗ್ಬಂಧನವನ್ನು ಕೂಡಲೇ ತೆಗೆಯಲಿಲ್ಲ. ಸೋತವರು ಒಪ್ಪಂದಕ್ಕೆ ಸಹಿ ಹಾಕುವವರೆಗೆ ಬಿಗಿಹಿಡಿತ ಇರಲಿ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಜರ್ಮನಿಯ ಮೇಲಿನ ದಿಗ್ಬಂಧನ ಪೂರ್ತಿಯಾಗಿ ತೆರವಾದದ್ದು 1919ರ ಜುಲೈ ತಿಂಗಳಲ್ಲಿ. ಈ ನಡುವೆ ಬರ್ಲಿನ್, ವಿಯೆನ್ನಾ ಮೊದಲಾದ ನಗರಗಳಲ್ಲಿ ಹಾಲಿಲ್ಲ, ಕೊಬ್ಬಿಲ್ಲ, ಚಳಿ ಕಾಯಿಸಲು ಕಲ್ಲಿದ್ದಲಿಲ್ಲ. ಮಕ್ಕಳ ಎಲುಬುಗಳು ಬಾಗಿದವು. ಕ್ಷಯರೋಗ ಹಬ್ಬಿತು. ಯುದ್ಧ ಹೂಡಿದವರು ದೊಡ್ಡವರು. ಅದರ ಸಾಲ ತೀರಿಸಿದವರು ತೊಟ್ಟಿಲ ಕೂಸುಗಳು.

ಇಂಗ್ಲೆಂಡಿನಲ್ಲಿ ಎಗ್ಲಾಂಟೈನ್ ಜೆಬ್ ಎಂಬ ಆಂಗ್ಲಿಕನ್ ಮಹಿಳೆ ಮತ್ತು ಆಕೆಯ ತಂಗಿ ಡೊರೊಥಿ ಬಕ್ಸ್‌ಟನ್ ಈ ಅನ್ಯಾಯದ ವಿರುದ್ಧ ದನಿಯೆತ್ತಿದರು. 1919ರ ಏಪ್ರಿಲ್‌ನಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ, ಹಸಿವಿನಿಂದ ಬಡಕಲಾದ ಆಸ್ಟ್ರಿಯಾದ ಮಗುವೊಂದರ ಚಿತ್ರವಿದ್ದ ಕರಪತ್ರವನ್ನು ಜೆಬ್ ಹಂಚಿದರು. ಸರ್ಕಾರದ ಅನುಮತಿ ಪಡೆಯದೆ ಹಂಚಿದ್ದಕ್ಕಾಗಿ ಪೊಲೀಸರು ಆಕೆಯನ್ನು ಹಿಡಿದರು. ನ್ಯಾಯಾಲಯ 5 ಪೌಂಡ್ ದಂಡ ವಿಧಿಸಿತು. ಆಗ ಆಕೆಯ ವಿರುದ್ಧ ವಾದಿಸಿದ್ದ ಸರ್ಕಾರಿ ವಕೀಲ ಆರ್ಚಿಬಾಲ್ಡ್ ಬಾಡ್ಕಿನ್ ಅವರೇ ತಮ್ಮ ಕಿಸೆಯಿಂದ 5 ಪೌಂಡ್ ತೆಗೆದು ಆಕೆಯ ಕೈಗಿತ್ತರು. ಆ ಹಣ ಮಕ್ಕಳ ನಿಧಿಗೆ ಸೇರಿತು. ಅದೇ ವರ್ಷದ ಮೇ 19ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ದೊಡ್ಡ ಸಭೆಯಲ್ಲಿ ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆ ಜನ್ಮತಾಳಿತು.

ಪ್ರಿಯರೇ, ಆ ದಿನಗಳನ್ನು ಊಹಿಸಿಕೊಳ್ಳಿ. ಆ ಸಭೆಗೆ ಬಂದವರ ಮನೆಗಳಲ್ಲೂ ಯುದ್ಧದಲ್ಲಿ ಮಡಿದ ಮಗನ, ಗಂಡನ ಭಾವಚಿತ್ರ ಗೋಡೆಯ ಮೇಲಿತ್ತು. ಕೊಂದವರ ಮಕ್ಕಳಿಗೆ ಹಾಲು ಕೊಡಿ ಎಂದು ಅವರನ್ನು ಕೇಳುವುದು ಸುಲಭದ ಮಾತಾಗಿರಲಿಲ್ಲ.

ಕಾಣಿಕೆ ತಟ್ಟೆ ಹಿಡಿದ ಜಗದ್ಗುರು

ಆಗ ರೋಮಿನಲ್ಲಿ ಸಂತ ಪೇತ್ರರ ಪೀಠದಲ್ಲಿದ್ದವರು ಜಗದ್ಗುರು ಹದಿನೈದನೇ ಬೆನೆಡಿಕ್ಟರು. ಯುದ್ಧ ಶುರುವಾದ ಒಂದು ತಿಂಗಳಿಗೆ ಪೋಪರಾಗಿ ಆಯ್ಕೆಯಾದ ಅವರು, 1914ರ ಕ್ರಿಸ್ತಜಯಂತಿಗಾದರೂ ಗುಂಡಿನ ಸದ್ದು ನಿಲ್ಲಲಿ ಎಂದು ಬೇಡಿಕೊಂಡಿದ್ದರು. 1917ರ ಆಗಸ್ಟ್ 1ರಂದು ಕಾದಾಡುವ ಎಲ್ಲ ರಾಷ್ಟ್ರಗಳಿಗೂ ಶಾಂತಿಪತ್ರ ಬರೆದಿದ್ದರು. ಎರಡೂ ಕಡೆಯವರು ಅವರನ್ನು ಎದುರು ಪಕ್ಷದವರೆಂದು ಸಂಶಯಿಸಿದರು. ಇಟಲಿಯು 1915ರಲ್ಲಿ ಲಂಡನ್ನಿನಲ್ಲಿ ಮಾಡಿಕೊಂಡ ಗುಪ್ತ ಒಪ್ಪಂದದ 15ನೆಯ ವಿಧಿಯಂತೆ, ಶಾಂತಿ ಮಾತುಕತೆಯ ಮೇಜಿನ ಬಳಿ ಪವಿತ್ರ ಪೀಠಕ್ಕೆ ಜಾಗವನ್ನೇ ಇಡಲಿಲ್ಲ.

ಮೇಜಿನ ಬಳಿ ಕುರ್ಚಿ ಸಿಗದ ಪೋಪರು ಕಾಣಿಕೆ ತಟ್ಟೆಯನ್ನು ಕೈಗೆತ್ತಿಕೊಂಡರು. 1919ರ ನವೆಂಬರ್ 24ರಂದು ಅವರು ಹೊರಡಿಸಿದ ಪರಿಪತ್ರದಲ್ಲಿ, ಬರುವ ಡಿಸೆಂಬರ್ 28ರ ಮುಗ್ಧ ಶಿಶುಗಳ ಹಬ್ಬದಂದು ಲೋಕದ ಎಲ್ಲ ಧರ್ಮಪ್ರಾಂತ್ಯಗಳಲ್ಲೂ ಮಧ್ಯ ಯೂರೋಪಿನ ಹಸಿದ ಮಕ್ಕಳಿಗಾಗಿ ಪ್ರಾರ್ಥಿಸಬೇಕು, ಕಾಣಿಕೆ ಎತ್ತಬೇಕು ಎಂದು ಧರ್ಮಾಧ್ಯಕ್ಷರನ್ನು ಕೋರಿದರು. ಎಗ್ಲಾಂಟೈನ್ ಜೆಬ್ ಅವರನ್ನು ರೋಮಿನಲ್ಲಿ ಆದರದಿಂದ ಬರಮಾಡಿಕೊಂಡರು. ಆಂಗ್ಲಿಕನ್ ಮತ್ತು ಆರ್ಥೊಡಾಕ್ಸ್ ಧರ್ಮಸಭೆಗಳೂ ಇದೇ ಹಬ್ಬದ ಹೆಸರಿನಲ್ಲಿ ಕೈಜೋಡಿಸಿದವು. ಕ್ರೈಸ್ತ ಐಕ್ಯದ ಮಾತು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ಹಸಿದ ಮಗು ಅವರನ್ನು ಒಂದೆಡೆ ತಂದಿತ್ತು.

ಮರುವರ್ಷ, 1920ರ ಡಿಸೆಂಬರ್ 1ರ ಪರಿಪತ್ರದಲ್ಲಿ ಪೋಪರು ಮತ್ತೊಮ್ಮೆ ಕಾಣಿಕೆಗೆ ಕರೆಯಿತ್ತರು. ತಾವೇ ಮೊದಲಿಗರಾಗಿ ಒಂದು ಲಕ್ಷ ಲೀರಾ ಕೊಟ್ಟರು. ಕಥೋಲಿಕರಲ್ಲದವರು ಕಟ್ಟಿದ ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆಯನ್ನು ಹೆಸರೆತ್ತಿ ಹೊಗಳಿದರು. ಈ ನಡುವೆ 1920ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಜಿನೀವಾದಲ್ಲಿ ಹಲವು ದೇಶಗಳ ಮಕ್ಕಳ ಸಂಸ್ಥೆಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿಕೊಂಡಿದ್ದವು. ಮೂರು ರಾಯರೂ ಮಗುವನ್ನು ಅರಸಿ ಗಡಿ ದಾಟಿ ಬಂದ ಪರದೇಶಿಗಳೇ ಅಲ್ಲವೇ!

ರಾಷ್ಟ್ರಸಂಘ ಕೈಚೆಲ್ಲಿದಾಗ

ಅದೇ ಜನವರಿಯಲ್ಲಿ ರಾಷ್ಟ್ರಸಂಘವೂ ಕೆಲಸ ಆರಂಭಿಸಿತು. ಇನ್ನು ಮುಂದೆ ಲೋಕದ ಸಂಕಟಗಳನ್ನು ದೇಶಗಳೆಲ್ಲ ಒಟ್ಟಾಗಿ ಎದುರಿಸುತ್ತವೆ ಎಂದು ಜನ ನಂಬಿದರು. ಹದಿನೈದನೇ ಬೆನೆಡಿಕ್ಟರೂ 1920ರ ಮೇ ತಿಂಗಳಿನಲ್ಲಿ ಬರೆದ ಪರಿಪತ್ರದಲ್ಲಿ, ರಾಷ್ಟ್ರಗಳು ಒಂದು ಕುಟುಂಬದಂತೆ ಕೂಡಿ ಬಾಳುವ ಒಕ್ಕೂಟವನ್ನು ಬೆಂಬಲಿಸಿದರು.

ಪರೀಕ್ಷೆ ಬೇಗನೆ ಬಂತು. 1921ರಲ್ಲಿ ರಷ್ಯಾದ ವೋಲ್ಗಾ ನದಿಯ ಬಯಲಿನಲ್ಲಿ ಮಳೆ ಕೈಕೊಟ್ಟಿತು. ಅಂತರ್ಯುದ್ಧದಿಂದಲೂ ಸರ್ಕಾರದ ಬಲವಂತದ ಧಾನ್ಯ ವಸೂಲಿಯಿಂದಲೂ ಬರಿದಾಗಿದ್ದ ರೈತರ ಕಣಜಗಳಲ್ಲಿ ಬೀಜಕ್ಕೂ ಕಾಳಿರಲಿಲ್ಲ. ಆ ಕ್ಷಾಮದಲ್ಲಿ ಸತ್ತವರು ಸುಮಾರು 50 ಲಕ್ಷ ಮಂದಿ. ನಾರ್ವೆಯ ಸಾಹಸಿ ಫ್ರಿಟ್ಯೋಫ್ ನ್ಯಾನ್ಸೆನ್ 1921ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಸಂಘದ ಸಭೆಯ ಮುಂದೆ ನಿಂತು ರಷ್ಯಾಕ್ಕೆ ಸಾಲ ಕೊಡಿರೆಂದು ಅಂಗಲಾಚಿದರು. ಸರ್ಕಾರಗಳು ಒಪ್ಪಲಿಲ್ಲ. ಅನ್ನ ಕೊಟ್ಟರೆ ದೇವರಿಲ್ಲವೆನ್ನುವ ಬೊಲ್ಶೆವಿಕ್ ಸರ್ಕಾರ ಗಟ್ಟಿಯಾದೀತು ಎಂಬ ಭಯ ಅವರನ್ನು ಕಾಡಿತ್ತು.

ಆ ಭಯ ಸುಳ್ಳೆಂದು ಹೇಳಲಾಗದು. ಆದರೆ ಹಸಿದ ಮಗುವಿಗೆ ಸರ್ಕಾರದ ಬಣ್ಣ ಗೊತ್ತಿರುವುದಿಲ್ಲ. ಸರ್ಕಾರಗಳ ಒಕ್ಕೂಟ ಹಿಂಜರಿದಾಗ ಇತರರು ಮುಂದೆ ಬಂದರು. ಹರ್ಬರ್ಟ್ ಹೂವರ್ ನೇತೃತ್ವದ ಅಮೆರಿಕದ ಪರಿಹಾರ ಸಂಸ್ಥೆ 1922ರ ಬೇಸಿಗೆಯಲ್ಲಿ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನರಿಗೆ ಉಣಬಡಿಸಿತು. ‘ಸೇವ್ ದಿ ಚಿಲ್ಡ್ರನ್’ ಸರಾಟೊವ್ ಪ್ರಾಂತ್ಯದಲ್ಲಿ ಮಕ್ಕಳ ಊಟದ ಕೇಂದ್ರಗಳನ್ನು ತೆರೆಯಿತು. ಹದಿನೈದನೇ ಬೆನೆಡಿಕ್ಟರು 1921ರ ಆಗಸ್ಟ್‌ನಲ್ಲೇ ರಷ್ಯಾದ ಜನರಿಗಾಗಿ ಲೋಕಕ್ಕೆ ಮೊರೆಯಿಟ್ಟಿದ್ದರು. ಅವರು 1922ರ ಜನವರಿಯಲ್ಲಿ ದೈವಾಧೀನರಾದ ಮೇಲೆ ಜಗದ್ಗುರು ಹನ್ನೊಂದನೇ ಪಿಯೂಸರು ಆ ಕೆಲಸವನ್ನು ಮುಂದುವರಿಸಿ, ಯೇಸುಸಭೆಯ ಗುರು ಎಡ್ಮಂಡ್ ವಾಲ್ಶ್ ಅವರ ಮುಂದಾಳತ್ವದಲ್ಲಿ ಪರಿಹಾರ ತಂಡವನ್ನು ಕಳುಹಿಸಿದರು.

1923ರ ಮಾರ್ಚ್ ಕೊನೆಯಲ್ಲಿ, ಪವಿತ್ರ ವಾರದಲ್ಲೇ, ಕಥೋಲಿಕ ಗುರು ಕಾನ್‌ಸ್ಟಂಟಿ ಬುಡ್ಕೆವಿಚ್ ಅವರನ್ನು ಮಾಸ್ಕೋದಲ್ಲಿ ಅದೇ ಸರ್ಕಾರ ಗುಂಡಿಟ್ಟು ಕೊಂದಿತು. ಪೋಪರ ತಂಡಕ್ಕೆ ಗಂಟುಮೂಟೆ ಕಟ್ಟಿ ಹಿಂದಿರುಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೂ ಮಕ್ಕಳ ಊಟ ಅಂದೇ ನಿಲ್ಲಲಿಲ್ಲ. ಶತ್ರುಗಳನ್ನು ಪ್ರೀತಿಸಿ ಎಂದು ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸಿದ್ದು ಗಂಜಿಯ ಪಾತ್ರೆಯ ಬಳಿ ಹೀಗೆ ಪಾಲನೆಯಾಯಿತು.

ದಯೆಯಿಂದ ಹಕ್ಕಿಗೆ

ಈ ವರ್ಷಗಳ ಅನುಭವ ಜೆಬ್ ಅವರಿಗೆ ಒಂದು ಪಾಠ ಕಲಿಸಿತು. ದಾನಿಗಳ ಮನಸ್ಸು ಕರಗಿದಾಗ ಮಾತ್ರ ಊಟ ಸಿಗುವುದಾದರೆ, ಮನಸ್ಸು ಕರಗದ ದಿನ ಮಗು ಸಾಯುತ್ತದೆ. ಆದ್ದರಿಂದ ಮಗುವಿಗೆ ಹಕ್ಕು ಬೇಕು. 1923ರಲ್ಲಿ ಅವರು ಬರೆದ ಐದೇ ಅಂಶಗಳ ಪುಟ್ಟ ಘೋಷಣೆಯನ್ನು ರಾಷ್ಟ್ರಸಂಘ 1924ರ ಸೆಪ್ಟೆಂಬರ್ 26ರಂದು ಅಂಗೀಕರಿಸಿತು. ಹಸಿದ ಮಗುವಿಗೆ ಅನ್ನ ಕೊಡಬೇಕು, ಕಾಯಿಲೆಯ ಮಗುವಿಗೆ ಆರೈಕೆ ಬೇಕು, ಅನಾಥ ಮಗುವಿಗೆ ಆಸರೆ ಬೇಕು, ಸಂಕಟ ಬಂದಾಗ ಮೊದಲ ನೆರವು ಮಗುವಿಗೇ ಸಲ್ಲಬೇಕು. ಜನಾಂಗ, ದೇಶ, ಧರ್ಮ ಯಾವುದನ್ನೂ ಎಣಿಸದೆ ಇದು ನಡೆಯಬೇಕು. ಇದೇ ಅದರ ಸಾರ. ಮೂರು ವರ್ಷಗಳ ಹಿಂದೆ ರಷ್ಯಾದ ಮಕ್ಕಳ ವಿಷಯದಲ್ಲಿ ಕೈಚೆಲ್ಲಿದ್ದ ಸಭೆಯೇ ಈಗ ತಲೆಬಾಗಿತ್ತು.

ರಾಷ್ಟ್ರಸಂಘ ಹೆಚ್ಚು ಕಾಲ ಬಾಳಲಿಲ್ಲ. ಬಲಿಷ್ಠರು ಮಂಚೂರಿಯಾವನ್ನೂ ಅಬಿಸೀನಿಯಾವನ್ನೂ ನುಂಗಿದಾಗ ಅದು ತಡೆಯಲಾರದೆ ಹೋಯಿತು. ಎರಡನೆಯ ಮಹಾಯುದ್ಧ ಬಂತು. ಆದರೆ ಹೊಲದಲ್ಲಿ ಬಿದ್ದ ಬೀಜ ಸಾಯಲಿಲ್ಲ. 1945ರಲ್ಲಿ ವಿಶ್ವಸಂಸ್ಥೆ ಹುಟ್ಟಿತು. 1946ರ ಡಿಸೆಂಬರ್ 11ರಂದು ಸ್ಥಾಪನೆಯಾದ ಯುನಿಸೆಫ್, ಗೆದ್ದ ದೇಶ ಸೋತ ದೇಶ ಎಂದು ನೋಡದೆ ಯುದ್ಧಪೀಡಿತ ಮಕ್ಕಳಿಗೆ ಹಾಲು ಹಂಚಿತು. ಈ ಸಲ ಸರ್ಕಾರಗಳ ಒಕ್ಕೂಟವೇ ಆ ಕೆಲಸಕ್ಕೆ ನಿಂತಿತ್ತು. 1989ರ ನವೆಂಬರ್ 20ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಮಹಾಸಭೆ ಒಪ್ಪಿಗೆಯಿತ್ತಿತು. ಪವಿತ್ರ ಪೀಠ 1990ರಲ್ಲೇ ಅದಕ್ಕೆ ಸೇರಿತು; ಭಾರತ 1992ರಲ್ಲಿ ಸೇರಿತು.

ನಮ್ಮ ಹಿರಿಯರಲ್ಲಿ ಕೆಲವರಿಗೆ ಶಾಲೆಯಲ್ಲಿ ಹಂಚುತ್ತಿದ್ದ ಹಾಲಿನ ಪುಡಿಯ ಹಾಲು, ಹಳದಿ ಉಪ್ಪಿಟ್ಟು ನೆನಪಿರಬಹುದು. ಮೈಸೂರು ರಾಜ್ಯದ ಶಾಲೆಗಳಿಗೆ 1960ರ ದಶಕದಲ್ಲಿ ಆಹಾರ ಒದಗಿಸಿದ ‘ಕೇರ್’ ಸಂಸ್ಥೆಯೂ 1945ರಲ್ಲಿ ಯೂರೋಪಿನ ಹಸಿದವರಿಗಾಗಿ ಹುಟ್ಟಿದ್ದೇ. ಎಲ್ಲೋ ದೂರದವರು ಹೊಟ್ಟೆ ಕಟ್ಟಿ ಕೊಟ್ಟ ಕಾಸು ನಮ್ಮ ತಟ್ಟೆಗೂ ಬಂದಿತ್ತು.

ಸಂಸ್ಥೆಗಳಿಗೂ ಮನಪರಿವರ್ತನೆ ಬೇಕು

ಇಷ್ಟಾದರೂ ರಾಖೇಲಳ ಅಳು ನಿಂತಿಲ್ಲ. 2024ರ ಆಗಸ್ಟ್‌ನಲ್ಲಿ ಸುಡಾನಿನ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆಯೆಂದು ಆಹಾರ ತಜ್ಞರು ಸಾರಿದರು; 2025ರ ಆಗಸ್ಟ್‌ನಲ್ಲಿ ಗಾಜಾ ನಗರದ ಬಗ್ಗೆಯೂ ಅದೇ ಮಾತು ಹೇಳಬೇಕಾಯಿತು. ಎರಡು ಕಡೆಯೂ ಕ್ಷಾಮಕ್ಕೆ ಕಾರಣ ಮಳೆಯಲ್ಲ, ಯುದ್ಧ. ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ಕಾಯಂ ಸ್ಥಾನವೂ ವೀಟೋ ಅಧಿಕಾರವೂ ಇವೆ. ಒಬ್ಬರು ಬೇಡವೆಂದರೆ ಉಳಿದವರೆಲ್ಲರ ಒಮ್ಮತವೂ ವ್ಯರ್ಥ. 1965ರಲ್ಲಿ ತಾತ್ಕಾಲಿಕ ಸದಸ್ಯರ ಸಂಖ್ಯೆ 6ರಿಂದ 10ಕ್ಕೆ ಏರಿದ್ದು ಬಿಟ್ಟರೆ ಆ ಮಂಡಳಿಯ ರಚನೆ ಹಾಗೆಯೇ ಉಳಿದುಕೊಂಡಿದೆ.

ಧರ್ಮಸಭೆ ಇದನ್ನು ಕಂಡೂ ಸುಮ್ಮನಿಲ್ಲ. 1965ರ ಅಕ್ಟೋಬರ್ 4ರಂದು ಜಗದ್ಗುರು ಆರನೇ ಪೌಲರು ವಿಶ್ವಸಂಸ್ಥೆಯಲ್ಲಿ ನಿಂತು ಯುದ್ಧ ಇನ್ನು ಬೇಡವೆಂದು ಬೇಡಿಕೊಂಡರು. 2009ರಲ್ಲಿ ಹದಿನಾರನೇ ಬೆನೆಡಿಕ್ಟರು ಮತ್ತು 2020ರಲ್ಲಿ ಫ್ರಾನ್ಸಿಸರು ತಮ್ಮ ಪರಿಪತ್ರಗಳಲ್ಲಿ ವಿಶ್ವಸಂಸ್ಥೆಯ ಸುಧಾರಣೆಯನ್ನು ಕೇಳಿದರು. ಬಡ ದೇಶಗಳ ದನಿಗೂ ಅಲ್ಲಿ ಬೆಲೆ ಸಿಗಬೇಕೆಂದರು. 2023ರಲ್ಲಿ ಫ್ರಾನ್ಸಿಸರು ಇನ್ನೊಂದು ಹೆಜ್ಜೆ ಮುಂದೆ ಹೋದರು. ರಾಷ್ಟ್ರಗಳ ಸಹಕಾರ ಅಧಿಕಾರಸ್ಥರ ಮರ್ಜಿಗೆ ಮಾತ್ರ ಉಳಿಯಬಾರದು, ಕೆಳಗಿನಿಂದ, ಜನಸಾಮಾನ್ಯರ ಕಡೆಯಿಂದಲೂ ಬೆಳೆದು ಬರಬೇಕು ಎಂದರು. 1919ರ ಆ ಕರಪತ್ರ, ಆ ಕಾಣಿಕೆ ತಟ್ಟೆ ಮಾಡಿದ್ದು ಅದನ್ನೇ.

ನಾವು ತಪ್ಪಿತಸ್ಥರಾದಾಗ ಪಾಪನಿವೇದನೆ ಮಾಡಿ ತಿದ್ದಿಕೊಳ್ಳುತ್ತೇವೆ. ದೇವಾಲಯವನ್ನೇ ಬಿಟ್ಟು ಹೋಗುವುದಿಲ್ಲ. ಹಾಗೆಯೇ ವಿಶ್ವಸಂಸ್ಥೆ ಎಡವಿತೆಂದು ಅದನ್ನು ಕೆಡವಿದರೆ ಮಗುವಿಗೆ ಹಾಲು ತಲುಪಿಸುವ ಕೈಗಳೇ ಇಲ್ಲವಾಗುತ್ತವೆ. ತಪ್ಪನ್ನು ಹೆಸರಿಟ್ಟು ಹೇಳಿ ತಿದ್ದುವುದು ಕಷ್ಟದ ದಾರಿ. ಆದರೆ ಕ್ರೈಸ್ತ ದಾರಿ ಅದೇ.

ನಮ್ಮ ಮನೆಯಿಂದ ಇಷ್ಟು ದೂರದ ವಿಷಯಕ್ಕೆ ನಾವೇನು ಮಾಡಬಲ್ಲೆವು ಎಂದು ನೀವು ಕೇಳಬಹುದು. ಈ ವರ್ಷ ಮುಗ್ಧ ಶಿಶುಗಳ ಹಬ್ಬದಂದು ಮಕ್ಕಳನ್ನು ಗೋದಲಿಯ ಮುಂದೆ ಕೂರಿಸಿ ಈ ಕಥೆ ಹೇಳಿ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗ ಯಾವ ಕಡೆ ಗೆದ್ದಿತು ಎಂದು ಕೇಳುವ ಮೊದಲು ಮಕ್ಕಳು ಏನಾದರು ಎಂದು ಕೇಳುವ ಅಭ್ಯಾಸ ಬರಲಿ. ತಪಸ್ಸುಕಾಲದ ಕಾಣಿಕೆ ಲಕೋಟೆಗೆ ಒಂದು ಊಟದ ಬೆಲೆಯನ್ನಾದರೂ ಹಾಕೋಣ. ಜಾಗದ ಬೇಲಿಗಾಗಿ ನಾವು ಮಾತು ಬಿಟ್ಟಿರುವ ಪಕ್ಕದ ಮನೆಯ ಮಗು ಅಂಗಳಕ್ಕೆ ಬಂದರೆ ಅದರ ಕೈಗೂ ಒಂದು ಉಂಡೆ ಇಡೋಣ. ಶತ್ರುವಿನ ಮಗುವೂ ನಮ್ಮ ಮಗುವೇ ಎಂಬ ಪಾಠ ಜಿನೀವಾದಲ್ಲಿ ನಿಲ್ಲಬೇಕಾದರೆ ಮೊದಲು ಆ ಬೇಲಿಯ ಬಳಿ ನಿಲ್ಲಬೇಕು.

ಈಜಿಪ್ಟಿನ ನೆರಳಿನಲ್ಲಿ ಬೆಳೆದ ಬಾಲ ಯೇಸು, ಇಂದು ನೆರಳಿಲ್ಲದ ಎಲ್ಲ ಮಕ್ಕಳನ್ನೂ ಕಾಯಲಿ. ಅವರಿಗೆ ನೆರಳಾಗುವ ಮನಸ್ಸನ್ನು ನಮಗೆ ಅನುಗ್ರಹಿಸಲಿ. ಆಮೆನ್.