ಕರುಳ ಬೇನೆ ಮತ್ತು ಮನೋವ್ಯಥೆ: ಒಂದು ಐತಿಹಾಸಿಕ ವಿವೇಚನೆ

ಮನಸ್ಸಿನ ಕಳವಳವು ಹೊಟ್ಟೆಯನ್ನು ಕೆಡಿಸಬಲ್ಲುದೆಂಬುದು ಹಳೆಯ ತಿಳಿವು. ಮಿತವಾಗಿ ಉಂಡ ಪಥ್ಯಾನ್ನವೂ ಚಿಂತೆ, ಶೋಕ, ಭಯಗಳಿಂದ ಜೀರ್ಣವಾಗದೆಂದು ಚರಕಸಂಹಿತೆಯ ವಿಮಾನಸ್ಥಾನವು ಹೇಳುತ್ತದೆ. ಚಿಕಿತ್ಸಾಸ್ಥಾನವು ಭಯಜ, ಶೋಕಜ ಅತಿಸಾರಗಳನ್ನು ಪ್ರತ್ಯೇಕವಾಗಿಯೇ ಎಣಿಸುತ್ತದೆ. ಹೊಟ್ಟೆನೋವಿನೊಡನೆ ಮಲಬದ್ಧತೆಯೋ ಭೇದಿಯೋ, ಒಮ್ಮೊಮ್ಮೆ ಎರಡೂ, ಮರುಕಳಿಸುವ ವ್ಯಾಧಿಯನ್ನು ಇಂದು ‘ಇರಿಟಬಲ್ ಬವೆಲ್ ಸಿಂಡ್ರೋಮ್’ ಎನ್ನುತ್ತಾರೆ. ಅದರೊಡನೆ ಆತಂಕ, ಖಿನ್ನತೆಗಳು ಹೆಚ್ಚಾಗಿ ಕಂಡುಬರುತ್ತವೆ. ಇವುಗಳಲ್ಲಿ ಕಾರಣವಾವುದು, ಕಾರ್ಯವಾವುದು ಎಂಬ ಪ್ರಶ್ನೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1892ರಲ್ಲಿ ಪ್ರಕಟವಾದ ತಮ್ಮ ವೈದ್ಯಗ್ರಂಥದಲ್ಲಿ ವಿಲಿಯಂ ಆಸ್ಲರ್ ಅವರು ಇದಕ್ಕೆ ಹತ್ತಿರವಾದ ಬೇನೆಯನ್ನು ವರ್ಣಿಸುತ್ತ, ರೋಗಿಗಳಲ್ಲಿ ಅನೇಕರು ಉನ್ಮಾದಪ್ರವೃತ್ತಿಯವರೆಂದು ಬರೆದರು. ಕರುಳಿನಲ್ಲಿ ಹುಣ್ಣಾಗಲಿ ಉರಿಯೂತವಾಗಲಿ ಕಾಣದಿದ್ದುದರಿಂದ ರೋಗಿಯ ಸ್ವಭಾವವನ್ನೇ ದೂರುವುದು ಸುಲಭವಾಯಿತು. 1962ರಲ್ಲಿ ಆಕ್ಸ್‌ಫರ್ಡಿನ ಚೌಧರಿ ಮತ್ತು ಟ್ರೂಲವ್ ಅವರು 130 ರೋಗಿಗಳನ್ನು ಪರಿಶೀಲಿಸಿದರು. ಹಲವರಲ್ಲಿ ಮಾನಸಿಕ ಕಾರಣಗಳು ಕಂಡುವು. ಆದರೆ ಒಂದು ಪಂಗಡದವರಿಗೆ ಬೇನೆಯು ಆಮಶಂಕೆಯ ಸೋಂಕಿನ ತರುವಾಯ ಮೊದಲಾಗಿತ್ತು. ಎಲ್ಲವನ್ನೂ ಮನಸ್ಸಿಗೇ ಆರೋಪಿಸುವ ವಾದವು ಇಲ್ಲಿಯೇ ಸಡಿಲವಾಯಿತೆನ್ನಬಹುದು.

ಆದರೂ ಈ ವೈದ್ಯರೆಲ್ಲರೂ ನೋಡಿದ್ದು ತಮ್ಮಲ್ಲಿಗೆ ಬಂದವರನ್ನು ಮಾತ್ರ. 1988ರಲ್ಲಿ ಅಮೆರಿಕದ ಡ್ರಾಸ್‌ಮನ್ ಮತ್ತು ಸಂಗಡಿಗರು, ಅದೇ ಲಕ್ಷಣಗಳಿದ್ದೂ ವೈದ್ಯರ ಬಳಿಗೆ ಹೋಗದವರನ್ನೂ ಪರೀಕ್ಷಿಸಿದರು. ಇವರ ಮನಃಸ್ಥಿತಿಯು ಬಹುಮಟ್ಟಿಗೆ ಆರೋಗ್ಯವಂತರದನ್ನೇ ಹೋಲುತ್ತಿತ್ತು. ಮನೋವ್ಯಥೆಯು ಬೇನೆಯ ಮೂಲವೆನ್ನುವುದಕ್ಕಿಂತ, ಬೇನೆಯುಳ್ಳವರಲ್ಲಿ ಯಾರು ವೈದ್ಯರನ್ನು ಅರಸುವರೆಂಬುದನ್ನು ನಿರ್ಣಯಿಸುವ ಅಂಶಗಳಲ್ಲಿ ಒಂದೆಂದು ಆಗ ತೋರಿತು.

2012ರಲ್ಲಿ ಪ್ರಕಟವಾದ, ಆಸ್ಟ್ರೇಲಿಯದ ಹನ್ನೆರಡು ವರ್ಷಗಳ ಅಧ್ಯಯನವು ಕಾಲಕ್ರಮವನ್ನೇ ಗಮನಿಸಿತು. ಮೊದಲು ಆತಂಕವಿದ್ದ ಕೆಲವರಿಗೆ ಅನಂತರ ಇಂಥ ಬೇನೆಗಳು ಬಂದುವು. ಮೊದಲು ಬೇನೆಯಷ್ಟೇ ಇದ್ದವರಲ್ಲಿ ಅನಂತರ ಆತಂಕ, ಖಿನ್ನತೆಗಳು ಹೆಚ್ಚಿದುವು. 2021ರಲ್ಲಿ 53,400 ರೋಗಿಗಳ ವಂಶವಾಹಿಗಳ ಶೋಧನೆಯು, ಈ ವ್ಯಾಧಿಗೂ ಆತಂಕ, ಖಿನ್ನತೆಗಳಿಗೂ ಸಮಾನವಾದ ಆನುವಂಶಿಕ ಅಂಶಗಳಿರುವುದನ್ನು ತೋರಿಸಿತು. ಹೀಗೆ ನಂಟು ಉಭಯಮುಖವಾದುದು. ಒಂದನ್ನು ಬೇರೆಂದೂ ಇನ್ನೊಂದನ್ನು ಕೊಂಬೆಯೆಂದೂ ವಿಂಗಡಿಸಲು ಎಡೆಯಿಲ್ಲ.

ಈ ವಿವೇಚನೆಯು ಕೇವಲ ಶಾಸ್ತ್ರಚರ್ಚೆಯಲ್ಲ. ‘ಇದು ನಿನ್ನ ಮನಸ್ಸಿನ ಭ್ರಮೆ’ ಎಂದು ಕೇಳಿಸಿಕೊಂಡ ರೋಗಿಗೆ ನೋವಿನ ಮೇಲೆ ಅವಮಾನವೂ ಸೇರುತ್ತದೆ. ಮನಸ್ಸನ್ನು ಮರೆತು ಕರುಳಿಗಷ್ಟೇ ಮದ್ದು ಕೊಟ್ಟರೆ ಅವನ ಅರ್ಧ ದುಃಖವು ಹಾಗೆಯೇ ಉಳಿಯುತ್ತದೆ. ಸಹಚಾರವನ್ನು ಕಾರಣವೆಂದೂ, ಕಾರಣವನ್ನು ಅಪರಾಧವೆಂದೂ ಭಾವಿಸದಿರುವುದೇ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವೆಂದು ನಮ್ಮ ಅಭಿಪ್ರಾಯ.