ಕಾರವಾರ–ಅಂಕೋಲಾ ಕರಾವಳಿಯ ಮೇಲಣ ವಾತಾವರಣದಲ್ಲಿ ಓಝೋನ್ ಮತ್ತು ವಿರಳ ಅನಿಲಗಳ ಚಲನೆ: ಗಣಿತ ಮಾದರಿಗಳ ಪರಿಶೀಲನೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ಪಟ್ಟಣಗಳು ಸಮಭಾಜಕ ವೃತ್ತದಿಂದ ಉತ್ತರಕ್ಕೆ 15 ಡಿಗ್ರಿಗೆ ತುಸು ಕಡಿಮೆ ಅಕ್ಷಾಂಶದಲ್ಲಿ, ಒಂದು ಕಡೆ ಅರಬ್ಬಿ ಸಮುದ್ರವನ್ನೂ ಇನ್ನೊಂದು ಕಡೆ ಸಹ್ಯಾದ್ರಿಯನ್ನೂ ಒತ್ತಿಕೊಂಡು ನಿಂತಿವೆ. ಈ ಕರಾವಳಿಯ ನೆತ್ತಿಯ ಮೇಲಿರುವ ವಾಯುಸ್ತಂಭವು ಮೇಲಣ ವಾತಾವರಣದ ಗಣಿತ ಮಾದರಿಗಳನ್ನು ಪರೀಕ್ಷಿಸಲು ಎರಡು ಬಗೆಯ ಅವಕಾಶಗಳನ್ನು ಒದಗಿಸುತ್ತದೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರವನ್ನು ದಾಟಿ ಭಾರತದ ನೆಲವನ್ನು ಮುಟ್ಟಿದ್ದು ಇದೇ ತೀರದಲ್ಲಿ. ಆ ಘಟನೆ 50 ಕಿಲೋಮೀಟರಿಗೂ ಮೇಲಿನ ಓಝೋನಿನ ರಸಾಯನ ಕ್ರಿಯೆಯನ್ನು ಕೆಲವೇ ನಿಮಿಷಗಳಲ್ಲಿ ಕಲಕಿತು. ಪ್ರತಿ ವರ್ಷದ ಮಳೆಗಾಲವಾದರೋ ಸುಮಾರು 15 ಕಿಲೋಮೀಟರ್ ಎತ್ತರದ ಪ್ರಬಲ ಪೂರ್ವಮಾರುತದ ಮೂಲಕ ಅನಿಲಗಳ ಸಾಗಣೆಯನ್ನೇ ಬದಲಿಸುತ್ತದೆ. ಮೊದಲನೆಯದರಲ್ಲಿ ಗೆದ್ದ ಮಾದರಿಯು ಎರಡನೆಯದರಲ್ಲಿಯೂ ಗೆಲ್ಲುತ್ತದೆಂದು ನಂಬಲು ಆಧಾರವಿಲ್ಲ ಎಂಬುದೇ ಪ್ರಸ್ತುತ ಲೇಖನದ ವಾದ.

ಮಾದರಿಯ ಮೂಲದಲ್ಲಿರುವುದು ಸಾತತ್ಯ ಸಮೀಕರಣ. ಒಂದು ಅನಿಲದ ಮಿಶ್ರಣ ಪ್ರಮಾಣ, ಅಂದರೆ ಗಾಳಿಯ ಒಟ್ಟು ಅಣುಗಳಲ್ಲಿ ಆ ಅನಿಲದ ಅಣುಗಳ ಪಾಲು, ಯಾವುದೇ ಬಿಂದುವಿನಲ್ಲಿ ಬದಲಾಗುವುದು ಮೂರು ಕಾರಣಗಳಿಂದ: ಗಾಳಿ ಅದನ್ನು ತರುತ್ತದೆ ಅಥವಾ ಒಯ್ಯುತ್ತದೆ, ರಸಾಯನ ಕ್ರಿಯೆ ಅದನ್ನು ಹುಟ್ಟಿಸುತ್ತದೆ, ಮತ್ತೊಂದು ಕ್ರಿಯೆ ಅದನ್ನು ನಾಶಮಾಡುತ್ತದೆ. ವಾತಾವರಣವನ್ನು ಅಕ್ಷಾಂಶ, ರೇಖಾಂಶ ಮತ್ತು ಎತ್ತರಗಳ ಕೋಶಗಳಾಗಿ ವಿಂಗಡಿಸಿ, ಪ್ರತಿ ಕೋಶದಲ್ಲೂ ಈ ಲೆಕ್ಕವನ್ನು ಕಾಲದ ಸಣ್ಣ ಹೆಜ್ಜೆಗಳಲ್ಲಿ ಮುಂದುವರಿಸುವುದೇ ಗಣಕಯಂತ್ರದ ಕೆಲಸ. ಸಮೀಕರಣ ಸರಳ, ಆದರೆ ಪ್ರತಿ ಎತ್ತರದಲ್ಲಿಯೂ ರಾಸಾಯನಿಕ ಜೀವಾವಧಿ ಚಿಕ್ಕದೋ ಸಾಗಣೆಗೆ ಬೇಕಾದ ಅವಧಿ ಚಿಕ್ಕದೋ ಎಂಬ ಪ್ರಶ್ನೆಗೆ ಉತ್ತರ ಬೇರೆಬೇರೆಯಾಗಿರುವುದರಿಂದ, ಮಾದರಿಯ ದೋಷವೂ ಎತ್ತರದಿಂದ ಎತ್ತರಕ್ಕೆ ಬೇರೆ ರೂಪ ತಾಳುತ್ತದೆ.

ಸಿಡ್ನಿ ಚಾಪ್ಮನ್ 1930ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಅತಿನೇರಳೆ ಕಿರಣಗಳು ಆಮ್ಲಜನಕದ ಅಣುವನ್ನು ಒಡೆದು ಎರಡು ಪರಮಾಣುಗಳನ್ನು ಬಿಡಿಸುತ್ತವೆ. ಬಿಡಿ ಪರಮಾಣು ಇನ್ನೊಂದು ಆಮ್ಲಜನಕದ ಅಣುವನ್ನು ಕೂಡಿ ಓಝೋನ್ ಆಗುತ್ತದೆ. ಓಝೋನ್ ಮತ್ತೆ ಬೆಳಕಿಗೆ ಒಡೆದು ಪರಮಾಣುವನ್ನು ಹಿಂತಿರುಗಿಸುತ್ತದೆ. ಹೀಗೆ ಬೆಳಕಿನಿಂದ ಅಣು ಒಡೆಯುವುದಕ್ಕೆ ದ್ಯುತಿವಿಭಜನೆ ಎಂದು ಹೆಸರು. ಸಾರಜನಕದ ಆಕ್ಸೈಡುಗಳು ವೇಗವರ್ಧಕಗಳಾಗಿ ಓಝೋನನ್ನು ನಾಶಮಾಡುವ ಬಗೆಯನ್ನು ಪಾಲ್ ಕ್ರುಟ್ಸನ್ 1970ರಲ್ಲಿಯೂ, ಕ್ಲೋರಿನ್ನಿನ ಪಾತ್ರವನ್ನು ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲಿಯೂ ತೋರಿಸಿದರು. ಪರಮಾಣು ಮತ್ತು ಓಝೋನ್ ಎರಡನ್ನೂ ಒಟ್ಟಾಗಿ ಒಂದೇ ಕುಟುಂಬವೆಂದು ಎಣಿಸಿದರೆ, 50 ಕಿಲೋಮೀಟರಿನಲ್ಲಿ ಆ ಕುಟುಂಬದ ಆಯುಷ್ಯ ಗಂಟೆಗಳ ಮಾತು. 30 ಕಿಲೋಮೀಟರಿನಲ್ಲಿ ವಾರಗಳದು. 20 ಕಿಲೋಮೀಟರಿನಲ್ಲಿ ತಿಂಗಳುಗಳದು. ಆದ್ದರಿಂದ ಮೇಲೆ ಸೂರ್ಯನ ಆಳ್ವಿಕೆ, ಕೆಳಗೆ ಗಾಳಿಯ ಆಳ್ವಿಕೆ ಎನ್ನಬಹುದು.

ಗ್ರಹಣವು ಈ ಮೇಲಿನ ಭಾಗವನ್ನು ಪರೀಕ್ಷಿಸುತ್ತದೆ. 1980ರ ಗ್ರಹಣದಲ್ಲಿ ನೆರಳಿನ ಪಥವು ನೈರುತ್ಯದಿಂದ ಈಶಾನ್ಯಕ್ಕೆ ಕಾರವಾರ–ಅಂಕೋಲಾ ತೀರ, ಗದಗ ಮತ್ತು ರಾಯಚೂರು ಸೀಮೆಗಳ ಮೂಲಕ ಹೈದರಾಬಾದಿನ ಕಡೆಗೂ ಮುಂದೆ ಒಡಿಶಾ ಕರಾವಳಿಗೂ ಸಾಗಿತು. ಗದಗದ ಬಳಿಯ ಹೊಸೂರು ಮತ್ತು ರಾಯಚೂರು ಜಿಲ್ಲೆಯ ಜವಳಗೇರಾಗಳಲ್ಲಿ ಭಾರತೀಯ ಖಭೌತ ಸಂಸ್ಥೆಯ ಶಿಬಿರಗಳಿದ್ದವು. ಖಗೋಳ ವಿಜ್ಞಾನಿಗಳ ಕಣ್ಣು ಸಹಜವಾಗಿಯೇ ಸೂರ್ಯನ ಪ್ರಭಾವಲಯದ ಮೇಲಿತ್ತು. ವಾತಾವರಣದ ದೃಷ್ಟಿಯಿಂದ ಮುಖ್ಯವಾದುದು, ತೀರದಲ್ಲಿ ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ, ಸೂರ್ಯ ದಿಗಂತದಿಂದ ಇನ್ನೂ ಸುಮಾರು 40 ಡಿಗ್ರಿ ಮೇಲಿದ್ದಾಗಲೇ ಪೂರ್ಣಗ್ರಾಸ ಸಂಭವಿಸಿತೆಂಬುದು. ಸಂಜೆಯ ಕತ್ತಲಿನಲ್ಲಿ ಕಿರಣಗಳು ಓರೆಯಾಗುತ್ತ, ದಟ್ಟ ಗಾಳಿಯ ಪದರಗಳನ್ನು ಹಾಯುತ್ತ ಕ್ಷೀಣಿಸುವುದರಿಂದ ದ್ಯುತಿವಿಭಜನೆಯ ಲೆಕ್ಕ ತೊಡಕಾಗುತ್ತದೆ. ಗ್ರಹಣದಲ್ಲಾದರೆ ಕಿರಣಗಳ ಕೋನ ಹೆಚ್ಚು ಬದಲಾಗದೆ ಬೆಳಕು ಮಾತ್ರ ಇಳಿದು ಮತ್ತೆ ಏರುತ್ತದೆ. ಇಷ್ಟು ಶುದ್ಧವಾದ ಪ್ರಯೋಗವನ್ನು ನಿಸರ್ಗ ಬೇರೆ ಯಾವ ರೀತಿಯಲ್ಲೂ ಏರ್ಪಡಿಸಿಕೊಡುವುದಿಲ್ಲ.

ಅದರ ಪರಿಣಾಮವನ್ನು ಸರಳ ಗಣನೆಯಿಂದಲೇ ಅಂದಾಜಿಸಬಹುದು. 60 ಕಿಲೋಮೀಟರ್ ಎತ್ತರದಲ್ಲಿ ಹಗಲಿನಲ್ಲಿ ಓಝೋನ್ ಅಣುವೊಂದು ಸುಮಾರು ಎರಡು ನಿಮಿಷ ಬಾಳಿ ಒಡೆಯುತ್ತದೆ. ಬಿಡಿ ಪರಮಾಣು ಮತ್ತೆ ಓಝೋನ್ ಆಗಲು ಬೇಕಾದ ಕಾಲವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಎರಡರ ಸಂಖ್ಯೆ ಅಲ್ಲಿ ಸರಿಸಮ. ಬೆಳಕು ನಿಂತೊಡನೆ ಒಡೆಯುವಿಕೆ ನಿಲ್ಲುತ್ತದೆ, ಕೂಡುವಿಕೆ ಮುಂದುವರಿಯುತ್ತದೆ, ಓಝೋನ್ ಇಮ್ಮಡಿಯತ್ತ ಸಾಗುತ್ತದೆ. 50 ಕಿಲೋಮೀಟರಿನಲ್ಲಿ ಬಿಡಿ ಪರಮಾಣುಗಳು ಓಝೋನಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಇರುವುದರಿಂದ ಹೆಚ್ಚಳವೂ ಶೇಕಡಾ 10ರ ಆಸುಪಾಸಿಗೆ ಸೀಮಿತ. 40 ಕಿಲೋಮೀಟರಿನಲ್ಲಿ ಅದು ಶೇಕಡಾ 1ಕ್ಕಿಂತ ಕಡಿಮೆ. 70 ಕಿಲೋಮೀಟರಿನಲ್ಲಿ ಪರಮಾಣುಗಳು ಹೇರಳವಾಗಿದ್ದರೂ ಗಾಳಿ ತೀರ ತೆಳುವಾಗಿ ಕೂಡುವಿಕೆಗೆ ಅರ್ಧ ಗಂಟೆಯಷ್ಟು ಕಾಲ ಹಿಡಿಯುವುದರಿಂದ, ಕೆಲವೇ ನಿಮಿಷದ ಕತ್ತಲು ಅಲ್ಲಿ ಸಾಲದು. ಸೂರ್ಯಬಿಂಬದ ಅಂಚು ನಡುಭಾಗಕ್ಕಿಂತ ಮಬ್ಬಾಗಿರುವುದರಿಂದ, ಅದರಲ್ಲೂ ಅತಿನೇರಳೆಯಲ್ಲಿ ಈ ವ್ಯತ್ಯಾಸ ಹೆಚ್ಚಿರುವುದರಿಂದ, ಮರೆಯಾದ ವಿಸ್ತೀರ್ಣವನ್ನಷ್ಟೇ ಎಣಿಸಿ ಬೆಳಕನ್ನು ಅಳೆಯುವ ಮಾದರಿ ಖಂಡಿತ ತಪ್ಪುತ್ತದೆ. ನೆಲದಿಂದ ಆಕಾಶದ ತುದಿಯವರೆಗಿನ ಓಝೋನಿನಲ್ಲಿ 50 ಕಿಲೋಮೀಟರಿನ ಮೇಲಿರುವುದು ಶೇಕಡಾ 1ರಷ್ಟೂ ಇಲ್ಲದ ಕಾರಣ, ಗ್ರಹಣ ಕಾಲದಲ್ಲಿ ಒಟ್ಟು ಓಝೋನ್ ಗಣನೀಯವಾಗಿ ಏರಿಳಿಯಿತೆಂಬ ಯಾವುದೇ ವರದಿಯನ್ನು ಬಹಳ ಎಚ್ಚರದಿಂದ ಓದಬೇಕಾಗುತ್ತದೆ.

ಗ್ರಹಣದ ಪ್ರಭಾವ ರಸಾಯನ ಕ್ರಿಯೆಗೇ ಮುಗಿಯುವುದಿಲ್ಲ. ಸಮೋಷ್ಣ ಮಂಡಲವು, ಅಂದರೆ ಹವಾಮಾನ ಘಟಿಸುವ ಪದರದ ಮೇಲಿರುವ ಓಝೋನ್ ತುಂಬಿದ ಪದರವು, ಬೆಚ್ಚಗಿರುವುದು ಓಝೋನ್ ಹೀರುವ ಅತಿನೇರಳೆಯಿಂದ. ನೆರಳು ಬಿದ್ದ ಕಡೆ ಆ ಶಾಖ ನಿಲ್ಲುತ್ತದೆ. ನೆರಳು ಆ ಎತ್ತರದ ಶಬ್ದವೇಗವನ್ನೂ ಮೀರಿ ಓಡುವುದರಿಂದ, ಹೊಳೆಯಲ್ಲಿ ವೇಗವಾಗಿ ಸಾಗುವ ದೋಣಿಯ ಮೂತಿಯಿಂದ ಇಬ್ಬದಿಗೂ ಅಲೆಗಳು ಚಾಚುವ ಹಾಗೆ, ತಂಪಾದ ಈ ಪಟ್ಟಿಯಿಂದ ಗುರುತ್ವ ಅಲೆಗಳು ಹೊರಡಬೇಕೆಂದು ಚಿಮೋನಸ್ ಮತ್ತು ಹೈನ್ಸ್ 1970ರಲ್ಲಿ ತರ್ಕಿಸಿದರು. ಮೇಲಕ್ಕೆ ತಳ್ಳಲ್ಪಟ್ಟ ಗಾಳಿಯನ್ನು ಅದರ ಭಾರವೇ ಕೆಳಕ್ಕೆಳೆದು ತೂಗಾಡಿಸುವುದರಿಂದ ಇವಕ್ಕೆ ಆ ಹೆಸರು. ಓಝೋನಿನ ಹಂಚಿಕೆಯನ್ನು ಮೊದಲೇ ನಿಗದಿಪಡಿಸಿ ಗಾಳಿಯನ್ನು ಮಾತ್ರ ಲೆಕ್ಕಹಾಕುವ ಮಾದರಿಗಾಗಲಿ, ಗಾಳಿಯನ್ನು ನಿಗದಿಪಡಿಸಿ ಓಝೋನನ್ನು ಮಾತ್ರ ಲೆಕ್ಕಹಾಕುವ ಮಾದರಿಗಾಗಲಿ ಈ ಅಲೆಗಳು ಪೂರ್ಣವಾಗಿ ದಕ್ಕಲಾರವು.

ಇಷ್ಟೆಲ್ಲ ಸರಿಯಾಗಿ ಹೇಳಿದ ಮಾದರಿಯೂ 17ರಿಂದ 25 ಕಿಲೋಮೀಟರುಗಳ ನಡುವೆ ಎಡವಬಹುದು; ಉಷ್ಣವಲಯದ ಓಝೋನಿನ ಬಹುಪಾಲು ಅಲ್ಲಿ ಮತ್ತು ಅದರ ಸ್ವಲ್ಪ ಮೇಲಷ್ಟೇ ಇದೆ. ಹವಾಮಾನ ಘಟಿಸುವ ಪರಿವರ್ತನ ಮಂಡಲದ ಮೇಲಂಚು ಸಮಭಾಜಕದ ಬಳಿ ಅತಿ ಎತ್ತರದಲ್ಲಿದ್ದು ಅತಿ ತಣ್ಣಗಿರುತ್ತದೆಂಬುದನ್ನು ಕೆ. ಆರ್. ರಾಮನಾಥನ್ 1929ರಲ್ಲಿಯೇ ನಿರೂಪಿಸಿದ್ದರು. ಕಾರವಾರದ ಮೇಲೆ ಆ ಅಂಚು ಸುಮಾರು 16–17 ಕಿಲೋಮೀಟರಿನಲ್ಲಿದೆ, ಉಷ್ಣತೆ ಸೊನ್ನೆಗಿಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿಂದ ಗಾಳಿ ನಿಧಾನವಾಗಿ ಮೇಲೇರಿ ಧ್ರುವಗಳತ್ತ ಸಾಗಿ ಇಳಿಯುತ್ತದೆ. 1949ರಲ್ಲಿ ಬ್ರೂವರ್ ನೀರಾವಿಯಿಂದಲೂ 1956ರಲ್ಲಿ ಡಾಬ್ಸನ್ ಓಝೋನಿನಿಂದಲೂ ಊಹಿಸಿದ ಪರಿಚಲನೆ ಇದು. ಏರುವ ವೇಗ ಸೆಕೆಂಡಿಗೆ ಸುಮಾರು 0.3 ಮಿಲಿಮೀಟರ್, ದಿನಕ್ಕೆ 25 ಮೀಟರಿನ ಆಸುಪಾಸು. ಮಳೆಗಾಲದ ಪೂರ್ವಮಾರುತ ಸೆಕೆಂಡಿಗೆ 30 ಮೀಟರಿನಂತೆ ಬೀಸಿದರೆ ಅದೇ ದಿನದಲ್ಲಿ ಸುಮಾರು 2600 ಕಿಲೋಮೀಟರ್ ಅಡ್ಡಕ್ಕೆ ಸಾಗುತ್ತದೆ. ಒಂದಕ್ಕೆ ಲಕ್ಷದ ಅನುಪಾತದ ಈ ಎರಡು ಚಲನೆಗಳಲ್ಲಿ ಓಝೋನನ್ನು ನಿರ್ಧರಿಸುವುದು ಚಿಕ್ಕದೇ, ಮತ್ತು ವೀಕ್ಷಣೆಯಿಂದ ನೇರವಾಗಿ ಸಿಗದಿರುವುದೂ ಅದೇ.

ಇಲ್ಲಿ ಗಣನೆಯ ವಿಧಾನವೇ ಕೃತಕ ಭೌತ ಕ್ರಿಯೆಯೊಂದನ್ನು ಹುಟ್ಟಿಸುತ್ತದೆ. ಕೋಶದೊಳಗೆ ಬಂದ ಅನಿಲ ತಕ್ಷಣವೇ ಇಡೀ ಕೋಶದಲ್ಲಿ ಹರಡಿತೆಂದು ಸರಳ ವಿಧಾನ ಭಾವಿಸುವುದರಿಂದ, ಅನಿಲವು ನಿಜವಾದುದಕ್ಕಿಂತ ಬೇಗ ಮೇಲಿನ ಕೋಶಕ್ಕೆ ಸೋರುತ್ತದೆ. ಇದು ಗಣನಾ ವಿಸರಣ. ಕೋಶದ ಎತ್ತರ ಒಂದು ಕಿಲೋಮೀಟರ್ ಇದ್ದಾಗ ಮೇಲೆ ಹೇಳಿದ ವೇಗಕ್ಕೆ ಈ ಸೋರಿಕೆಯ ಪ್ರಮಾಣ ಸೆಕೆಂಡಿಗೆ ಸುಮಾರು 0.15 ಚದರ ಮೀಟರ್. ಆ ಎತ್ತರದ ನಿಜವಾದ ಲಂಬ ವಿಸರಣ ಇದಕ್ಕಿಂತ ಬಹಳ ಕಡಿಮೆ. ಮೈಕೆಲ್ ಪ್ರಾಥರ್ 1986ರಲ್ಲಿ ಕೋಶದೊಳಗಿನ ಇಳಿಜಾರನ್ನೂ ಬಾಗನ್ನೂ ನೆನಪಿಡುವ ವಿಧಾನವನ್ನು ರೂಪಿಸಿದ್ದು ಇಂಥ ಸೋರಿಕೆಯನ್ನು ತಡೆಯುವುದಕ್ಕಾಗಿ. ಎತ್ತರದ ಬದಲು ವಿಭವ ಉಷ್ಣತೆಯನ್ನು, ಅಂದರೆ ಗಾಳಿಯನ್ನು ನೆಲಮಟ್ಟದ ಒತ್ತಡಕ್ಕೆ ತಂದರೆ ಅದು ತಳೆಯುವ ಉಷ್ಣತೆಯನ್ನು, ಅಳತೆಗೋಲಾಗಿ ಬಳಸಿ, ಲಂಬ ಚಲನೆಯನ್ನು ವಿಕಿರಣದ ಶಾಖದಿಂದಲೇ ಪಡೆಯುವುದು ಇನ್ನೂ ಮೇಲಾದ ದಾರಿ.

ಪರಿಶೀಲನೆಗೆ ಅಳತೆಗಳು ಬೇಕು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಬಿ. ಎಚ್. ಸುಬ್ಬರಾಯ, ಶ್ಯಾಮ್ ಲಾಲ್ ಮೊದಲಾದವರು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಡನೆ 1987ರಲ್ಲಿಯೂ ಆಮೇಲೆಯೂ ಹೈದರಾಬಾದಿನಿಂದ ಬೆಲೂನುಗಳನ್ನು ಹಾರಿಸಿ, ಕ್ಲೋರೋಫ್ಲೋರೋಕಾರ್ಬನ್ನುಗಳು ಎತ್ತರದೊಡನೆ ಇಳಿಯುವ ಬಗೆಯನ್ನು ಅಳೆದರು. ಹೈದರಾಬಾದು ಕಾರವಾರದಿಂದ ಸುಮಾರು 550 ಕಿಲೋಮೀಟರ್ ದೂರವಿದ್ದರೂ, ಸಮೋಷ್ಣ ಮಂಡಲದ ಗಾಳಿಯು ದೀರ್ಘಾಯುಷಿ ಅನಿಲಗಳನ್ನು ಒಂದೇ ಅಕ್ಷಾಂಶದ ಉದ್ದಕ್ಕೂ ಕೆಲವೇ ವಾರಗಳಲ್ಲಿ ಸಮಮಾಡುವುದರಿಂದ, ಆ ಅಳತೆಗಳು ಕರಾವಳಿಯ ನೆತ್ತಿಗೂ ಬಹುಮಟ್ಟಿಗೆ ಸಲ್ಲುತ್ತವೆ.

ಪರಿವರ್ತನ ಮಂಡಲದ ಮೇಲ್ಭಾಗಕ್ಕೆ ಬಂದರೆ ಈ ಸೌಕರ್ಯ ಇಲ್ಲ. ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದ ಉಷ್ಣವಲಯದ ಪೂರ್ವ ಜೆಟ್ ಮಾರುತವು ಜುಲೈ–ಆಗಸ್ಟಿನಲ್ಲಿ ಇದೇ ಅಕ್ಷಾಂಶದ ಆಸುಪಾಸಿನಲ್ಲಿ ಬೀಸುತ್ತದೆ. ಟಿಬೆಟಿನಿಂದ ಇರಾನಿನವರೆಗೆ ಹರಡುವ ಮಳೆಗಾಲದ ಪ್ರತಿಚಂಡಮಾರುತದ ದಕ್ಷಿಣದ ಅಂಚು ಅದು. ಮುಂಗಾರಿನ ಮೋಡಗಳು ಎತ್ತಿದ ಮಲಿನ ಗಾಳಿ ಕಾರವಾರದ ಮೇಲಿಂದ ಹೊರಟು ಸುಮಾರು ಒಂದು ದಿನದಲ್ಲಿ ಆಫ್ರಿಕಾದ ತೀರ ಸೇರುತ್ತದೆ. ಸಹ್ಯಾದ್ರಿಯಿಂದ ಏಳುವ ಗುರುತ್ವ ಅಲೆಗಳ ಗತಿಯನ್ನು ಮಾದರಿಕಾರರು ಹೆಚ್ಚಾಗಿ ಗಮನಿಸುವುದಿಲ್ಲ. ಮಳೆಗಾಲದಲ್ಲಿ ಘಟ್ಟಕ್ಕೆ ಅಪ್ಪಳಿಸುವುದು ಪಡುವಣ ಗಾಳಿ, ಎತ್ತರದಲ್ಲಿ ಬೀಸುವುದು ಮೂಡಣ ಗಾಳಿ. ನಡುವೆ ಎಲ್ಲೋ ಗಾಳಿಯ ವೇಗ ಸೊನ್ನೆಯಾಗುವ ಮಟ್ಟದಲ್ಲಿ, ಬೆಟ್ಟಕ್ಕೆ ಅಂಟಿ ನಿಲ್ಲುವ ಅಲೆಗಳು ಹೀರಿಹೋಗುತ್ತವೆ. ಹಾಗಾಗಿ ಆ ಋತುವಿನಲ್ಲಿ ಸಮೋಷ್ಣ ಮಂಡಲವನ್ನು ತಲುಪುವ ಅಲೆಗಳ ಮೂಲವನ್ನು ಘಟ್ಟದಲ್ಲಲ್ಲ, ಮೋಡಗಳಲ್ಲಿ ಹುಡುಕಬೇಕು. ಎರಡು ಡಿಗ್ರಿ ಅಗಲದ ಕೋಶದಲ್ಲಿ ಸಮುದ್ರ, ಘಟ್ಟ ಮತ್ತು ಧಾರವಾಡದ ಬಯಲು ಒಂದೇ ಆಗಿಬಿಡುವ ಮಾದರಿಗೆ ಇಂಥ ಮೋಡಗಳು ಸರಿಯಾಗಿ ಮೂಡುವುದೇ ಇಲ್ಲ.

ಭಾರತ ಹವಾಮಾನ ಇಲಾಖೆ ಓಝೋನ್ ಅಳೆಯುವ ಬೆಲೂನುಗಳನ್ನು ದೀರ್ಘಕಾಲದಿಂದ ಹಾರಿಸಿಕೊಂಡು ಬಂದಿರುವುದು ಪುಣೆ, ತಿರುವನಂತಪುರ ಮತ್ತು ದೆಹಲಿಗಳಿಂದ. ಪಣಜಿ ಮತ್ತು ಮಂಗಳೂರುಗಳಲ್ಲಿ ಮೇಲಣ ಗಾಳಿ ಮತ್ತು ಉಷ್ಣತೆಯ ಬೆಲೂನು ಕೇಂದ್ರಗಳಿವೆ. ಹೀಗಾಗಿ ಕಾರವಾರ–ಅಂಕೋಲಾದ ಮೇಲಣ ಗಾಳಿಯನ್ನು ಇಕ್ಕೆಲದ ಎರಡು ಕೇಂದ್ರಗಳು ಹತ್ತಿರದಿಂದ ಹಿಡಿದಿಡುತ್ತವೆ. ಓಝೋನಿಗೆ ಮಾತ್ರ 10 ಅಕ್ಷಾಂಶ ಡಿಗ್ರಿಗಳ ಅಂತರವನ್ನು ಮಾದರಿಯೇ ತುಂಬಬೇಕು, ಪೂರ್ವ ಜೆಟ್ ಮಾರುತ ಹಾಯುವುದು ಆ ಅಂತರದೊಳಗೇ. ಜುಲೈ ತಿಂಗಳಲ್ಲಿ ಪಣಜಿ ಮತ್ತು ಮಂಗಳೂರಿನ ಬೆಲೂನುಗಳಿಗೆ ಓಝೋನ್ ಸಂವೇದಕವನ್ನು ಜೋಡಿಸಿ, ಹಾಗೆ ದೊರೆತ ಅಳತೆಯನ್ನು ಸೇರಿಸಿಯೂ ಸೇರಿಸದೆಯೂ ಒಂದೇ ಮಾದರಿಯನ್ನು ಎರಡು ಬಾರಿ ಓಡಿಸಿ ನೋಡಿದರೆ, 14ರಿಂದ 18 ಕಿಲೋಮೀಟರುಗಳ ನಡುವಿನ ವ್ಯತ್ಯಾಸದಲ್ಲಿ ಮೋಡದ ಪಾಲೆಷ್ಟು, ಗಣನಾ ವಿಸರಣದ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಸಾಧ್ಯವಾಗುತ್ತದೆ.