ಶ್ವಾಸಕೋಶ ಕಸಿಯ ಮೊದಲ ದಶಕಗಳು

ಮನುಷ್ಯನಿಗೆ ಮೊದಲ ಶ್ವಾಸಕೋಶ ಕಸಿ ನಡೆದದ್ದು 1963ರ ಜೂನ್ 11ರಂದು, ಅಮೆರಿಕದ ಮಿಸಿಸಿಪಿಯಲ್ಲಿ. ಶಸ್ತ್ರವೈದ್ಯ ಜೇಮ್ಸ್ ಹಾರ್ಡಿ ಜೋಡಿಸಿದ ಎಡ ಶ್ವಾಸಕೋಶವೇನೋ ಉಸಿರಾಡಿತು. ರೋಗಿ ಮಾತ್ರ ಮೂತ್ರಪಿಂಡ ಕೈಕೊಟ್ಟು 18 ದಿನಕ್ಕೆ ತೀರಿಕೊಂಡ. ಆತ ಜೈಲುಶಿಕ್ಷೆಯಲ್ಲಿದ್ದ ಕೈದಿ. ಅಂಥವನ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎನ್ನುವುದು ಕಷ್ಟ.

ಮುಂದಿನ 15 ವರ್ಷಗಳ ಸುಮಾರು 40 ಯತ್ನಗಳೂ ಹೆಚ್ಚು ಬಾಳಲಿಲ್ಲ. ತೊಡಕಿದ್ದದ್ದು ಶ್ವಾಸನಾಳದ ಹೊಲಿಗೆಯಲ್ಲಿ. ಅಲ್ಲಿಗೆ ರಕ್ತ ಸಾಲದು. ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ಕೊಡುತ್ತಿದ್ದ ಸ್ಟೀರಾಯ್ಡ್ ಗಾಯ ಮಾಯಲು ಬಿಡುತ್ತಿರಲಿಲ್ಲ. ತಿರಸ್ಕಾರ ತಡೆಯುವ ಸೈಕ್ಲೋಸ್ಪೋರಿನ್ ಎಂಬ ಔಷಧ ಬಂದ ಮೇಲೆ ಸ್ಟೀರಾಯ್ಡ್ ತಗ್ಗಿತು. ಟೊರೊಂಟೊದ ಜೋಯೆಲ್ ಕೂಪರ್ ತಂಡ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಮೇಲೆಳೆದು ಹೊಲಿಗೆಗೆ ಸುತ್ತಿ ರಕ್ತ ಒದಗಿಸಿತು. 1983ರಲ್ಲಿ ಅಲ್ಲಿ ಒಂದು ಶ್ವಾಸಕೋಶ ಪಡೆದ ಫೈಬ್ರೋಸಿಸ್ (ಶ್ವಾಸಕೋಶ ಗಡುಸಾಗುವ ಕಾಯಿಲೆ) ರೋಗಿ ಆರು ವರ್ಷಕ್ಕೂ ಹೆಚ್ಚು ಬದುಕಿದ. 1986ರಲ್ಲಿ ಅದೇ ತಂಡ ಎರಡೂ ಶ್ವಾಸಕೋಶಗಳನ್ನು ಕಸಿ ಮಾಡಿತು.